ಚೆಂದ ಕೇಳಸ್ತದ್ರಿ

ಈ ಕೆಲಸ ನನ್ನಿಂದ ಆಗುವುದಿಲ್ಲ ಎಂದು ಮೊದಲು ಹೇಳಿದವಳು ನನ್ನ ಅವ್ವ. ಬೇರೆಯವರು ಆಮೇಲೆ ಹೇಳಿದರು. ಅವರ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವ್ವನ ಮಾತು ಹಾಗಲ್ಲ. ನಮ್ಮೂರು ಮಟಕಿಯ ಮನೆಯ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಾ ಕೇಳಿದಳು.

“ಏನು ಕೆಲಸ ಅದು?”

“ವೈರ್‌ಲೆಸ್ ಟೆಕ್ನೀಷಿಯನ್ ಅವ್ವ. ಪೊಲೀಸರು, ಬೆಂಕಿ ಆರಸೋರು, ಅಂಬುಲೆನ್ಸಿನೋರು ಮಾತಾಡೂ ಸೆಟ್ಟು ಇರ್ತಾವಲ್ಲ, ಅವು ಕೆಟ್ರ ರಿಪೇರಿ ಮಾಡೂದು.”

“ಸೆಟ್ಟು ಎಲ್ಲಿರ್ತಾವ?”

“ಜೀಪಿನ್ಯಾಗ, ಠಾಣೆದಾಗ. ಆಂಟೆನಾ ಟವರ್ ಮ್ಯಾಲ ಇರ್ತದ.”

“ಟವರ್ ಯಾರು ಹತ್ತೋರು?”

ನಾನು ಮೊರದೊಳಗಿನ ಕಲ್ಲು ಹೆಕ್ಕತೊಡಗಿದೆ. ಅವ್ವ ಮೊರ ಕೆಳಗಿಟ್ಟಳು.

“ಬಾವ್ಯಾಗ ಬಗ್ಗಿ ನೋಡಾಕ ಅಂಜಾಕಿ ನೀ. ನಿನಗ ಡಿಗ್ರಿ ಓದ್ಸಿದ್ದು ಕುರ್ಚಿ ಮ್ಯಾಲ ಕುಂದರ್ಲಿ ಅಂತ, ಕಂಬದ ಮ್ಯಾಲ ಅಲ್ಲ. ಆಗೂದಿಲ್ಲ ಬಿಡು.”

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅವ್ವನಿಗೆ ಅಕ್ಷರ ಬರುವುದಿಲ್ಲ. ಅಂಕಿ ಮಾತ್ರ ಗುರುತು ಹಿಡಿಯುತ್ತಾಳೆ, ಅದೂ ಮೊಬೈಲ್ ಬಂದ ಮೇಲೆ ನನ್ನ ನಂಬರ್ ಒತ್ತಲಿಕ್ಕೆಂದು ಕಲಿತದ್ದು. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಎಸ್ಸಿ ಮಾಡಲು ಮೂರು ವರ್ಷ ಕಲಬುರಗಿಗೆ ಬಸ್ಸಿನಲ್ಲಿ ನಿಂತೇ ಹೋಗಿ ಬಂದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹುದ್ದೆಯ ಪ್ರಕಟಣೆಯಲ್ಲಿ ಕೇಳಿದ್ದೆಲ್ಲ ನನ್ನ ಹತ್ತಿರ ಇತ್ತು, ಇಲ್ಲದ್ದನ್ನು ಗಳಿಸಿಕೊಂಡೆ. ಡಿಪ್ಲೊಮಾ ಇಲ್ಲವೇ ಪದವಿ, ಬಣ್ಣಗಳನ್ನು ಸರಿಯಾಗಿ ಗುರುತಿಸುವ ಕಣ್ಣು, ಎತ್ತರದಲ್ಲಿ ಕೆಲಸ ಮಾಡಬಹುದೆಂದು ಡಾಕ್ಟರರ ಚೀಟಿ, ಜೀಪು ಓಡಿಸುವ ಲೈಸೆನ್ಸ್, ಸೆಟ್ಟಿನಲ್ಲಿ ಕೇಳಿದ್ದನ್ನು ಹೊರಗೆ ಹೇಳುವುದಿಲ್ಲವೆಂದು ಬರೆದುಕೊಡುವ ಮುಚ್ಚಳಿಕೆ. ಡಾಕ್ಟರರು ರಕ್ತದೊತ್ತಡ ನೋಡಿ ಸಹಿ ಮಾಡಿದರು. ಅಂಜಿಕೆ ಇದೆಯೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆರು ತಿಂಗಳ ಪರೀಕ್ಷಾ ಅವಧಿಗೆ ನನ್ನನ್ನು ಜೇವರ್ಗಿಯ ವರ್ಕ್‌ಶಾಪಿಗೆ ಹಾಕಿದರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಸೆಟ್ಟುಗಳು ಅಲ್ಲಿಗೇ ಬರುತ್ತಿದ್ದವು. ಅಲ್ಲಿನ ಹಿರಿಯ ಟೆಕ್ನೀಷಿಯನ್ನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವರ ಹತ್ತಿರ ನೀಲಿ ರಟ್ಟಿನ ಒಂದು ವಹಿ. ಅದರಲ್ಲಿ ನನ್ನ ಹೆಸರಿನ ಪುಟಕ್ಕೆ ಹನ್ನೊಂದು ಚೌಕ. ಒಂದೊಂದು ಚೌಕಕ್ಕೆ ಒಂದೊಂದು ಕೆಲಸ. ಹನ್ನೊಂದೂ ತುಂಬಿದರೆ ಅರ್ಹತಾ ಪತ್ರ, ನೌಕರಿ ಕಾಯಂ. ತುಂಬದಿದ್ದರೆ ಮಟಕಿ ಬಸ್ಸು.

ಮೊದಲ ಚೌಕಕ್ಕೇ ಹದಿನೈದು ದಿನ ಹಿಡಿಯಿತು. ಆಂಟೆನಾದ ದಪ್ಪ ಕೇಬಲ್ಲಿನ ತುದಿಗೆ ಕನೆಕ್ಟರ್ ಕೂರಿಸುವ ಕೆಲಸ. ನಡುವೆ ಒಂದು ತಾಮ್ರದ ತಂತಿ, ಅದರ ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಕೂದಲಿನಂಥ ಎಳೆಗಳ ಜಾಲರಿ. ಆ ಜಾಲರಿಯ ಒಂದೇ ಎಳೆ ನಡುವಿನ ತಂತಿಗೆ ತಾಗಿದರೂ ಕೆಲಸ ಕೆಟ್ಟಿತು. ನಾನು ಬೆಸುಗೆ ಹಾಕಿದ್ದನ್ನು ಉಸ್ತಾದ್ ಬೆಳಕಿಗೆ ಹಿಡಿದು ನೋಡಿ ಕತ್ತರಿಸಿ ಎಸೆಯುತ್ತಿದ್ದರು.

“ಬೇಟಿ, ಅನ್ನದಾಗ ಒಂದು ಕೂದಲ ಬಂದ್ರ ತಾಟು ಸರಸ್ತೀವಿಲ್ಲ? ಸೆಟ್ಟಿಗೂ ಹಂಗ. ಮತ್ತ ಮಾಡು.”

ಮತ್ತೆ ಮಾಡಿದೆ. ಬ್ಯಾಟರಿ ನೋಡಿಕೊಳ್ಳುವುದು, ಸಿಡಿಲಿಗೆ ಅರ್ಥಿಂಗ್ ಗುಂಡಿ ತೋಡಿ ಇದ್ದಿಲು-ಉಪ್ಪು ತುಂಬುವುದು, ಲ್ಯಾಪ್‌ಟಾಪಿನಿಂದ ಸೆಟ್ಟಿಗೆ ಚಾನೆಲ್ ತುಂಬುವುದು ಕೈಗೆ ಬಂದವು. ವಾಟ್ ಮೀಟರ್ ಓದುವುದು ನನಗೆ ಎಲ್ಲಕ್ಕಿಂತ ಹಿಡಿಸಿತು. ಸೆಟ್ಟು ಆಂಟೆನಾಕ್ಕೆ ಎಷ್ಟು ಶಕ್ತಿ ಕಳಿಸುತ್ತದೆ, ಆಂಟೆನಾ ಒಲ್ಲೆನೆಂದು ಎಷ್ಟನ್ನು ಮರಳಿಸುತ್ತದೆ, ಎರಡನ್ನೂ ಅದು ತೋರಿಸುತ್ತದೆ. ಮರಳಿ ಬರುವುದು ಹೆಚ್ಚಿದ್ದಷ್ಟೂ ರೋಗ ಹೆಚ್ಚು.

“ಒಂದು ಮಾತು ನೆನಪಿಡು,” ಎಂದರು ಉಸ್ತಾದ್. “ಕೆಳಗ ನಿಂತು ಅಳದ್ರ ಮೀಟರ್ ಅರ್ಧ ಸುಳ್ಳು ಹೇಳ್ತದ. ಉದ್ದನ ಕೇಬಲ್ಲು ಹೋಗೂದ್ರಾಗೂ ತಿಂತದ, ಬರೂದ್ರಾಗೂ ತಿಂತದ. ವಾಪಸ್ ಬಂದದ್ದು ಕಮ್ಮಿ ಕಾಣ್ತದ. ಮ್ಯಾಲ ಹತ್ತಿ ಆಂಟೆನಾದ ಬುಡಕ್ಕ ಅಳಿಬೇಕು.”

ಹತ್ತನೆಯ ಚೌಕ ಹತ್ತುವುದರದೇ. ವರ್ಕ್‌ಶಾಪಿನ ಅಂಗಳದಲ್ಲಿ ಇಪ್ಪತ್ತು ಫೂಟಿನ ಗಿಡ್ಡ ಟವರ್ ಇತ್ತು. ಕಣ್ಣು ಮುಚ್ಚಿಕೊಂಡೇ ಹತ್ತಿ ಇಳಿದೆ. ಟಿಕ್ ಬಿತ್ತು. ಆ ಟಿಕ್ಕಿಗೆ ನಾನು ಅರ್ಹಳಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಹನ್ನೊಂದನೆಯದಕ್ಕೆ ಅಫಜಲಪುರದ ಕಡೆಯ ದಿನ್ನೆಯ ಮೇಲಿನ ರಿಪೀಟರನ್ನು ಒಬ್ಬಳೇ ಪೂರ್ತಿ ತಪಾಸಣೆ ಮಾಡಿ ವರದಿ ಕೊಡಬೇಕು. ರಿಪೀಟರ್ ಎಂದರೆ ದೂರದ ಸಣ್ಣ ಸೆಟ್ಟುಗಳ ಧ್ವನಿಯನ್ನು ಹಿಡಿದು ಜೋರಾಗಿ ಮುಂದಕ್ಕೆ ಎಸೆಯುವ ಯಂತ್ರ. ಸೆಟ್ಟಿದ್ದ ಆರು ಠಿಕಾಣಿಗಳು ಅದನ್ನೇ ನೆಚ್ಚಿಕೊಂಡಿದ್ದವು. ಭೀಮಾ ನದಿ ದಂಡೆಯ ಪೊಲೀಸ್ ಚೌಕಿ, ಅಲ್ಲಿನ ದೋಣಿಯವರ ಕೈಸೆಟ್ಟುಗಳು ಅದರಲ್ಲೇ ಬರುತ್ತಿದ್ದವು. ಮಳೆಗಾಲ ಶುರುವಾಗಿತ್ತು. ಮಹಾರಾಷ್ಟ್ರದ ಕಡೆ ಅಣೆಕಟ್ಟಿನ ಬಾಗಿಲು ತೆಗೆದರೆ ಎರಡು ದಿನದಲ್ಲಿ ನೀರು ನಮ್ಮ ಹೊಲದಲ್ಲಿರುತ್ತದೆ.

ಟವರ್ ನೂರು ಫೂಟು, ಬೆಳ್ಳಿಯಂತೆ ಹೊಳೆಯುತ್ತಿತ್ತು. ಅಲ್ಲಿನ ಕಾವಲುಗಾರ ಹೆಮ್ಮೆಯಿಂದ ತೋರಿಸಿದ.

“ಸಾಹೇಬರು ನೋಡಾಕ ಬರ್ತಾರ ಅಂದಿದ್ರು, ಬೇಸಗ್ಯಾಗ ಬಣ್ಣ ಬಳಿಸೇನ್ರಿ. ಮದಿವಿ ಮನಿ ಹಂಗ ಕಾಣ್ತದಿಲ್ರಿ?”

ಬೆಲ್ಟು ಕಟ್ಟಿಕೊಂಡು ಹತ್ತತೊಡಗಿದೆ. ನಲವತ್ತು ಫೂಟಿನಲ್ಲಿ ಗಾಳಿ ಬೀಸಿತು. ಟವರ್ ಅಲುಗುತ್ತದೆ, ಅಲುಗಲೇಬೇಕು ಎಂದು ಪಾಠದಲ್ಲಿ ಓದಿದ್ದೆ. ಕಾಲಿಗೆ ಆ ಪಾಠ ಗೊತ್ತಿರಲಿಲ್ಲ. ಇಳಿದು ಬಂದೆ. ಗಾಳಿಯಲ್ಲಿ ಹತ್ತಬಾರದೆಂಬುದು ನಿಯಮ. ಆದರೆ ಆ ಗಾಳಿ ಮಧ್ಯಾಹ್ನಕ್ಕೆ ನಿಂತಿತು. ಆಮೇಲೂ ನಾನು ಹತ್ತಲಿಲ್ಲ. ಕೆಳಗಡೆಯೇ ಅಳೆದೆ. ಇಪ್ಪತ್ತೈದು ವಾಟು ಹೋಗಿ ಎರಡು ಮರಳಿತು. ಪರವಾಗಿಲ್ಲ ಎನ್ನುವಂತಿತ್ತು. ಆಮೇಲೆ ಆರೂ ಠಿಕಾಣಿಗಳನ್ನು ಒಂದೊಂದಾಗಿ ಕರೆದು ಕೇಳಿದೆ.

“ಕೇಳಸಾಕತ್ತದೇನ್ರಿ?”

“ಚೆಂದ ಕೇಳಸ್ತದ್ರಿ.”

ಆರಕ್ಕೆ ಆರೂ ಅದೇ ಉತ್ತರ. ‘ಗಾಳಿಯಿಂದ ಮೇಲಿನ ಅಳತೆ ಆಗಲಿಲ್ಲ, ಎಲ್ಲ ಠಿಕಾಣಿಗಳಿಗೆ ಧ್ವನಿ ಸ್ಪಷ್ಟ’ ಎಂದು ಬರೆದು ಸಹಿ ಮಾಡಿದೆ. ಉಸ್ತಾದ್ ಓದಿ, “ಗಾಳಿಯಾಗ ಹತ್ತಲಿಲ್ಲ, ಚಲೋ ಆತು. ಆರೂ ಮಂದಿ ಚೆಂದ ಅಂದಮ್ಯಾಲ ಏನು ಫಿಕರ್?” ಎಂದು ಹನ್ನೊಂದನೆಯ ಚೌಕಕ್ಕೆ ಟಿಕ್ ಹಾಕಿದರು. ಮುಂದಿನ ವಾರ ನನ್ನ ಫಾರ್ಮು ಕಲಬುರಗಿಗೆ ಹೋಗುವುದಿತ್ತು.

ಆ ವಾರ ನನಗೆ ಊಟ ಸೇರಲಿಲ್ಲ. ಅವ್ವ ಫೋನ್ ಮಾಡಿದಾಗ “ಹ್ಯಾಂಗದಿ?” ಎಂದರೆ “ಚೆಂದ ಅದೇನಿ” ಅಂದೆ. “ನೀ ಹ್ಯಾಂಗದಿ?” ಎಂದು ಕೇಳಿದರೆ ಆಕೆಯೂ “ಚೆಂದ ಅದೇನಿ” ಅಂದಳು, ನಡುನಡುವೆ ಕೆಮ್ಮುತ್ತಾ.

ಫಾರ್ಮು ಹೋದ ದಿನವೇ ನದಿ ದಂಡೆಯ ಚೌಕಿಗೆ ಹೊಸ ಬ್ಯಾಟರಿ ಒಯ್ದೆ. ಮುಂಜಾನೆ ಹನಿ ಬಿದ್ದು ನೆಲ ಹಸಿಯಾಗಿತ್ತು. ಚೌಕಿಯ ಬಾಗಿಲು ತೆರೆದಿತ್ತು, ಸೆಟ್ಟು ಮೇಜಿನ ಮೇಲೆ ಸುಮ್ಮನೆ ಗುರುಗುಟ್ಟುತ್ತಿತ್ತು, ಮನುಷ್ಯ ಇರಲಿಲ್ಲ. ಅಲ್ಲಿನ ಹೋಮ್‌ಗಾರ್ಡ್, ಅಪ್ಪನ ವಯಸ್ಸಿನವರು, ದೂರದ ಒಡ್ಡಿನ ಮೇಲೆ ನಿಂತು ಮೊಬೈಲಿನಲ್ಲಿ ಕೂಗಿ ಕೂಗಿ ನೀರಿನ ಮಟ್ಟ ಹೇಳುತ್ತಿದ್ದರು. ಅವರು ಮುಗಿಸುವವರೆಗೆ ಕಾದೆ.

“ಕಾಕಾ, ಸೆಟ್ಟಿನ್ಯಾಗ ಯಾಕ ಹೇಳವಲ್ರಿ?”

“ಅದರಾಗ ಎಲ್ಲಿ ಕೇಳಸ್ತದ ತಂಗಿ. ಕೊಡದಾಗ ಬಾಯಿ ಇಟ್ಟು ಮಾತಾಡ್ದಂಗ ಬರ್ತದ. ಹಿಂಗ ಹನಿ ಬಿದ್ದ ದಿನ ಅಂತೂ ಅದೂ ಇಲ್ಲ.”

“ಎಂದಿನಿಂದ?”

“ಬ್ಯಾಸಗಿ ಕಡೀಕಿಂದ ಇರ್ಬೇಕು.”

ನಾನು ಬ್ಯಾಟರಿ ಕೆಳಗಿಟ್ಟೆ. “ಮತ್ತ ಹೋದ ವಾರ ನಾ ಕೇಳ್ದಾಗ ಚೆಂದ ಕೇಳಸ್ತದ್ರಿ ಅಂದ್ರಿ?”

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. “ನಿನ್ನ ಧ್ವನಿ ಬಂತು. ಏನಂದಿ ಅಂತ ತಿಳೀಲಿಲ್ಲ. ಮತ್ತೇನು ಕೇಳಿರ್ತಿ, ಕೇಳಸ್ತದೇನು ಅಂತನ ಕೇಳಿರ್ತಿ. ಹೆಣಮಗಳು ಹೊಸದಾಗಿ ಬಂದಾಳ, ಪರೀಕ್ಷಾ ಅದ ಅಂತ ಉಸ್ತಾದರು ಅಂದಿದ್ರು. ಇಲ್ಲ ಅಂತ ಹ್ಯಾಂಗ ಅನ್ಲಿ?”

“ಉಳಿದ ಐದು ಮಂದಿ?”

“ಅವರೂ ಹಂಗ. ಊಟಕ್ಕ ಕರದೋರು ಹ್ಯಾಂಗದ ಅಂತ ಕೇಳಿದ್ರ ಉಪ್ಪಿಲ್ಲ ಅಂತೀವೇನು? ಮ್ಯಾಲಾಗಿ, ಕೇಳಸಂಗಿಲ್ಲ ಅಂದ್ರ ಸೆಟ್ಟು ಬಿಚ್ಚಿಕೊಂಡು ಜೇವರ್ಗಿಗೆ ಒಯ್ತೀರಿ. ತಿಂಗಳಾನುಗಟ್ಲೆ ಬರಂಗಿಲ್ಲ.”

ಅವರು ಬ್ಯಾಟರಿ ಎತ್ತಿಕೊಂಡು ನಡೆಯುತ್ತಾ ಒಂದು ಮಾತು ಸೇರಿಸಿದರು. “ನಾಡದು ಮ್ಯಾಲಿನ ನೀರು ಬರ್ತದಂತ. ದೋಣಿ ತಯಾರ್ ಇಡ್ರಿ ಅಂದಾರ.”

ನಡು ಹೊಳೆಯಲ್ಲಿ ಮೊಬೈಲ್ ಹಿಡಿಯುವುದಿಲ್ಲ. ದೋಣಿಯವರಿಗೆ ಕೈಸೆಟ್ಟು ಬಿಟ್ಟರೆ ಬೇರೆ ಬಾಯಿಲ್ಲ.

ಅದೇ ಒಡ್ಡಿನ ಮೇಲೆ ಹತ್ತಿ ಕೂತೆ. ಗುಟ್ಟಾಗಿ ಸರಿಮಾಡುವ ದಾರಿ ಇತ್ತು. ಫಾರ್ಮು ಹೇಗೂ ಹೋಗಿದೆ, ಪತ್ರ ಬರಲಿ, ಮುಂದಿನ ತಿಂಗಳು ಮಾಮೂಲಿ ತಪಾಸಣೆ ಎಂದು ಹೋಗಿ ನೋಡಬಹುದು. ಯಾರೂ ಕೇಳುತ್ತಿರಲಿಲ್ಲ. ನೀರು ಮಾತ್ರ ಮುಂದಿನ ತಿಂಗಳಿಗೆ ಕಾಯುವುದಿಲ್ಲ. ಉಸ್ತಾದರಿಗೆ ಫೋನ್ ಹಚ್ಚಿದೆ.

“ಉಸ್ತಾದ್, ಅಫಜಲಪುರದ ನನ್ನ ವರದಿ ತಪ್ಪದ್ರಿ.”

“ಯಾವ ಸಾಲು?”

“ಎಲ್ಲಾ ಸಾಲೂ. ಆರು ಮಂದಿ ಹೇಳಿದ್ದು ನನ್ನ ಮುಖ ನೋಡಿ ಹೇಳಿದ್ದು. ಮತ್ತ... ಗಾಳಿ ಮಧ್ಯಾಹ್ನಕ್ಕ ನಿಂತಿತ್ರಿ. ನಾ ಅಂಜಿ ಹತ್ತಲಿಲ್ಲ.”

ಆ ಕಡೆ ವಹಿಯ ಹಾಳೆ ತಿರುವುವ ಸದ್ದು ಕೇಳಿತು.

“ಫಾರ್ಮು ಮುಂಜಾನೆ ಹೋಗ್ಯದ ಬೇಟಿ. ವಾಪಸ್ ತರಸಿದ್ರ ಯಾಕ ಅಂತ ಕೇಳ್ತಾರ. ನೀನ ಬರದು ಕೊಡ್ಬೇಕಾಗ್ತದ. ಬರದ್ರ ನೌಕರಿ ಉಳೀತದ ಅಂತ ನಾ ಮಾತು ಕೊಡಂಗಿಲ್ಲ.”

“ಬರದು ಕೊಡ್ತೇನ್ರಿ.”

“ವಿಚಾರ ಮಾಡು.”

“ಮಾಡೇನ್ರಿ,” ಅಂದೆ. ಮಾಡಿರಲಿಲ್ಲ. ವಿಚಾರ ಮಾಡುತ್ತ ಕೂತಿದ್ದರೆ ಹೇಳುತ್ತಿರಲಿಲ್ಲ.

ಆ ಸಂಜೆಯೇ ಒಂದು ಹಾಳೆ ಬರೆದುಕೊಟ್ಟೆ. ಉಸ್ತಾದ್ ಓದಿದರು, ನೀಲಿ ವಹಿ ತೆಗೆದು ಹನ್ನೊಂದನೆಯ ಟಿಕ್ಕಿನ ಮೇಲೆ ಗೀಟು ಎಳೆದರು. ಆಮೇಲೆ ನಾನೇ ಕೈ ಚಾಚಿ ಹತ್ತನೆಯದನ್ನೂ ತೋರಿಸಿದೆ. ಅವರು ನನ್ನ ಮುಖ ನೋಡಿ ಅದರ ಮೇಲೂ ಎಳೆದರು.

ಮರುದಿನ ಅವರು ಆಳಂದದ ಸ್ಟೋರಿಗೆ ಬೆಳಕು ಹರಿಯುವ ಮೊದಲೇ ಹೋಗಿ ಬೇಕಾದೀತೆಂದು ಹೊಸ ಆಂಟೆನಾ ಜೀಪಿನ ಮೇಲೆ ಕಟ್ಟಿಕೊಂಡು ದಿನ್ನೆಗೆ ಬಂದರು. ಹತ್ತುವ ಮೊದಲು ನಿಜವಾದ ಸ್ಥಿತಿ ತಿಳಿಯಬೇಕಿತ್ತು. ದಾರಿಯುದ್ದಕ್ಕೂ ನಾನು ಇದನ್ನೇ ಯೋಚಿಸಿದ್ದೆ. ಕೇಳಿಸುತ್ತದೆಯೇ ಎಂದು ಕೇಳಿದರೆ ನಮ್ಮ ಜನ ಹೌದೆನ್ನುತ್ತಾರೆ. ಹಾಗಾದರೆ ಆ ಪ್ರಶ್ನೆಯನ್ನೇ ಕೇಳಬಾರದು. ನಾಲ್ಕು ಅಂಕಿ ಹೇಳುತ್ತೇನೆ, ಅವನ್ನೇ ತಿರುಗಿ ಹೇಳಲಿ. ಅಂಕಿಯಲ್ಲಿ ಮರ್ಯಾದೆಗೆ ಜಾಗವಿಲ್ಲ.

ಮೊದಲನೆಯ ಠಾಣೆಯವನು ನಕ್ಕ. “ಇದೇನು ತಂಗಿ, ಸಾಲಿ ಹುಡುಗರಿಗೆ ಮಗ್ಗಿ ಕಲಸಿದಂಗ?” ಆದರೆ ನಾಲ್ಕರಲ್ಲಿ ಎರಡೇ ಅಂಕಿ ಹೇಳಿದ. ಎರಡನೆಯವರಿಗೆ ಸಿಟ್ಟು ಬಂತು. “ಇಪ್ಪತ್ತು ವರ್ಷ ಈ ಸೆಟ್ಟಿನ ಮುಂದ ಕುಂತೇನಿ. ನನ್ನ ಕಿವಿ ಪರೀಕ್ಷಾ ಮಾಡ್ತಿಯೇನು?”

ಉಸ್ತಾದ್ ನನ್ನ ಕೈಯಿಂದ ಮೈಕು ತೆಗೆದುಕೊಂಡರು. “ಕಿವಿದಲ್ಲ ಭಾಯಿ, ಆಂಟೆನಾದ್ದು. ಹೇಳಿಬಿಡು.”

ಆರರಲ್ಲಿ ನಾಲ್ಕೂ ಅಂಕಿ ಸರಿಯಾಗಿ ಹೇಳಿದ್ದು ಒಂದೇ ಠಿಕಾಣಿ, ಅದೂ ದಿನ್ನೆಯ ಬುಡದಲ್ಲಿದ್ದದ್ದು. ನದಿ ಚೌಕಿಯಿಂದ ಗುರುಗುಟ್ಟುವ ಸದ್ದು ಬಿಟ್ಟರೆ ಏನೂ ಬರಲಿಲ್ಲ.

ಬೆಲ್ಟು ಕಟ್ಟಿಕೊಂಡೆ. ಉಸ್ತಾದ್ ಎರಡೂ ಕೊಕ್ಕೆ ಜಗ್ಗಿ ನೋಡಿದರು. “ಎರಡೂ ಕೊಕ್ಕೆ ಒಮ್ಮೆಗೇ ಬಿಚ್ಚಬ್ಯಾಡ. ಒಂದು ಮ್ಯಾಲ ಸಿಗಸು, ಆಮ್ಯಾಲ ಇನ್ನೊಂದು ಬಿಚ್ಚು. ಅಂಜಿಕಿ ಬಂದ್ರ ನಿಲ್ಲು. ನಿಂತ್ರ ತಪ್ಪಿಲ್ಲ.”

ನಲವತ್ತು ಫೂಟಿನಲ್ಲಿ ನಿಂತೆ. ಅರವತ್ತರಲ್ಲಿ ಮತ್ತೆ ನಿಂತೆ. ಕಾಲು ನಡುಗುವುದು ನಿಲ್ಲಲಿಲ್ಲ, ನಡುಗುವ ಕಾಲಿನಿಂದಲೇ ಮೇಲಿನ ಮೆಟ್ಟಿಲು ಮುಟ್ಟಬಹುದೆಂಬುದು ತಿಳಿಯಿತು. ಕೊಕ್ಕೆ ಸಿಗಿಸುವಾಗ ಆಗುವ ಟಕ್ ಎಂಬ ಸದ್ದನ್ನಷ್ಟೇ ಕೇಳುತ್ತಾ ಹೋದೆ. ಮೇಲೆ ತಲುಪಿ ಸೆಟ್ಟು ಬಂದ್ ಮಾಡಿಸಿದೆ. ಆಂಟೆನಾದ ಬುಡದಲ್ಲಿ ಕೇಬಲ್ ಬಿಚ್ಚಿ ನಡುವೆ ಮೀಟರ್ ಕೂರಿಸಿ, ನಾಲ್ಕು ಮೆಟ್ಟಿಲು ಕೆಳಗಿಳಿದು, ಒಂದು ಗಳಿಗೆ ಚಾಲೂ ಮಾಡಿಸಿದೆ. ಕೆಳಗೆ ಇಪ್ಪತ್ತೈದು ಹೊರಟದ್ದು ಇಲ್ಲಿಗೆ ಹನ್ನೆರಡು ತಲುಪುತ್ತಿತ್ತು. ಅದರಲ್ಲಿ ನಾಲ್ಕು ಮರಳುತ್ತಿತ್ತು. ಒಣ ಹವೆಯಲ್ಲಿ ಹೀಗೆ. ಹನಿ ಬಿದ್ದಾಗ ಎಷ್ಟೋ.

ಬಂದ್ ಮಾಡಿಸಿ ಮತ್ತೆ ಹತ್ತಿ ನೋಡಿದೆ. ಆಂಟೆನಾದ ಕಡ್ಡಿಯನ್ನೂ ಅದನ್ನು ಹಿಡಿದ ಕಬ್ಬಿಣದ ಪಟ್ಟಿಯನ್ನೂ ಬೇರೆ ಮಾಡಲು ನಡುವೆ ಕರಿಯ ಪ್ಲಾಸ್ಟಿಕ್ಕಿನ ಬಳೆ ಇರುತ್ತದೆ. ಇಲ್ಲಿ ಕರಿಯದು ಕಾಣಲೇ ಇಲ್ಲ. ಉಗುರಿನಿಂದ ಕೆರೆದೆ. ಬೆಳ್ಳಿ ಬಣ್ಣ ಸಿಪ್ಪೆಯಾಗಿ ಎದ್ದಿತು. ಅದರಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ. ಬೇರೆ ಇರಬೇಕಾದ ಎರಡು ಲೋಹಗಳ ನಡುವೆ ಲೋಹದ್ದೇ ಒಂದು ಪೊರೆ. ಶಕ್ತಿ ಅಲ್ಲೇ ಸೋರುತ್ತಿತ್ತು.

ಕೈಸೆಟ್ಟಿನಲ್ಲಿ ಹೇಳಿದೆ. ಉಸ್ತಾದ್ ಕಾವಲುಗಾರನನ್ನು ಕೇಳುವುದೂ ಅವನ ಉತ್ತರವೂ ಕೇಳಿದವು.

“ಕರೀ ಬಳಿಗೂ ಬಣ್ಣ ಬಳಿಸಿದ್ಯಾ?”

“ಹೌದ್ರಿ. ಕೆಳಗ ನಿಂತು ನೋಡಿದ್ರ ಅದೊಂದು ಕರಿ ಕಾಣಾಕತ್ತಿತ್ತು, ಸಾಹೇಬರು ಬೈತಾರ ಅಂತ ಬಣ್ಣದವನ್ನ ಮತ್ತ ಹತ್ತಿಸೇನಿ. ಒಂದು ಇಂಚೂ ಬಿಟ್ಟಿಲ್ರಿ.”

“ಒಂದು ಇಂಚು ಬಿಟ್ಟಿದ್ರ ಈ ಹೆಣಮಗಳಿಗೆ ಇಷ್ಟು ತ್ರಾಸ ಇರತಿರಲಿಲ್ಲ.”

ಹಳೆಯದನ್ನು ಹಗ್ಗದಲ್ಲಿ ಇಳಿಸಿ ಹೊಸದನ್ನು ಜಗ್ಗಿಕೊಂಡೆ. ನಟ್ಟು ಬಿಗಿದು, ಕನೆಕ್ಟರ್ ಹಾಕಿ, ಕೆಳಗಿಳಿದು ಸೆಟ್ಟು ಚಾಲೂ ಮಾಡಿ ನದಿ ಚೌಕಿಗೆ ನಾಲ್ಕು ಅಂಕಿ ಕಳಿಸಿದೆ.

“ಏಳು, ಒಂದು...” ಹೋಮ್‌ಗಾರ್ಡ್ ಕಾಕಾ ನಿಂತರು. “ಮೂರನೇದು ಕೇಳಸಲಿಲ್ಲ ತಂಗಿ. ಕಡೀದು ನಾಕು.”

ಉಸ್ತಾದ್ ನನ್ನ ಕಡೆ ನೋಡಿ ಗಡ್ಡ ನೀವಿಕೊಂಡರು. “ಸುನಾ? ಕೇಳಸಲಿಲ್ಲ ಅಂದ. ಇಷ್ಟು ವರ್ಷಕ್ಕ ಒಬ್ಬ ಅಂದ.”

ಮತ್ತೆ ನೂರು ಫೂಟು. ಕನೆಕ್ಟರ್ ಅರ್ಧ ಸುತ್ತು ಸಡಿಲವಿತ್ತು. ಬೆವರಿದ ಕೈಯಿಂದ ಬಿಗಿದದ್ದು. ಒರೆಸಿಕೊಂಡು ಬಿಗಿದೆ, ನೀರು ಹೋಗದಂತೆ ಟೇಪು ಸುತ್ತಿದೆ. ಎರಡನೆಯ ಸಲ ಹತ್ತಿದಾಗ ಎಲ್ಲೆಲ್ಲಿ ನಿಂತೆನೋ ನೆನಪಿಲ್ಲ. ಇಳಿದು ಅಂಕಿ ಕಳಿಸಿದೆ.

“ಏಳು, ಒಂದು, ಆರು, ನಾಕು. ಖರೇ ಅದನ?”

“ಖರೇ ಅದ ಕಾಕಾ.”

ಮೂರನೆಯ ದಿನ ನೀರು ಬಂತು. ನಾನು ಜೇವರ್ಗಿಯ ವರ್ಕ್‌ಶಾಪಿನಲ್ಲಿ ಬೆಸುಗೆ ಕಡ್ಡಿ ಕೈಯಲ್ಲಿ ಹಿಡಿದು ಅದನ್ನು ತಣ್ಣಗಾಗಲು ಬಿಟ್ಟು ಸೆಟ್ಟಿಗೆ ಕಿವಿ ಕೊಟ್ಟಿದ್ದೆ. ಚೌಕಿಯಿಂದ ನೀರಿನ ಮಟ್ಟ ಅಂಕಿ ಅಂಕಿಯಾಗಿ ಹೋಗುತ್ತಿತ್ತು, ಆ ಕಡೆಯಿಂದ ತಿರುಗಿ ಬರುತ್ತಿತ್ತು. ದೋಣಿ ಎರಡು ಸಲ ಹೋಗಿ ಬಂತು. ಮುಚ್ಚಳಿಕೆ ಬರೆದುಕೊಟ್ಟಿರುವುದರಿಂದ ಅದಕ್ಕಿಂತ ಹೆಚ್ಚು ಹೇಳಲಾರೆ. ಹೋದವರೆಲ್ಲ ಮರಳಿದರು.

ನನ್ನ ಹಾಳೆಗೆ ಉತ್ತರ ಬರಲು ಐದು ವಾರ ಹಿಡಿಯಿತು. ಆ ಐದು ವಾರ ಪ್ರತಿ ಟಪಾಲನ್ನೂ ನಾನೇ ಮೊದಲು ತೆಗೆದು ನೋಡುತ್ತಿದ್ದೆ. ಅವ್ವನಿಗೆ ಫೋನಿನಲ್ಲಿ ನಡೆದದ್ದೆಲ್ಲ ಹೇಳಿದೆ, ನಾಲ್ಕು ಅಂಕಿಯ ವಿಷಯವನ್ನೂ ಹೇಳಿದೆ. ಆಕೆ ನಕ್ಕಳು. ಅಂದಿನಿಂದ ನಾನು ಆಕೆಗೆ ಹೇಗಿದ್ದೀ ಎಂದು ಕೇಳುವುದನ್ನು ಬಿಟ್ಟೆ. ಮುಂಜಾನೆ ಎಷ್ಟು ರೊಟ್ಟಿ ಉಂಡಿ, ರಾತ್ರಿ ಎಷ್ಟು ಸಲ ಕೆಮ್ಮಿಗೆ ಎದ್ದಿ ಎಂದು ಕೇಳುತ್ತೇನೆ.

ಕೊನೆಗೆ ಮೇಲಿನ ಅಧಿಕಾರಿಯೊಬ್ಬರು ತಾವೇ ಬಂದರು. ಎರಡೂ ವರದಿ ಮುಂದಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದರು.

“ಈಗ ಅಂಜಿಕೆ ಹೋಯಿತೇ?”

“ಇಲ್ರಿ. ಅಂಜಿಕಿ ಅದ. ಆದ್ರ ಹತ್ತೇನಿ.”

ಅವರು ಉಸ್ತಾದರ ಕಡೆ ನೋಡಿದರು. ಉಸ್ತಾದ್ ನೀಲಿ ವಹಿ ತೆಗೆದು ಹತ್ತು, ಹನ್ನೊಂದು ಎರಡೂ ಚೌಕಗಳಿಗೆ ಅವರೆದುರೇ ಮತ್ತೆ ಟಿಕ್ ಹಾಕಿದರು. ತಪಾಸಣೆಯ ಫಾರ್ಮಿನಲ್ಲಿ ಈಗ ‘ಧ್ವನಿ ಸ್ಪಷ್ಟವೇ’ ಎಂಬ ಸಾಲಿಲ್ಲ. ‘ಕಳಿಸಿದ ಅಂಕಿ, ತಿರುಗಿ ಬಂದ ಅಂಕಿ’ ಎಂದು ಎರಡು ಖಾನೆಗಳಿವೆ.

ಪತ್ರ ಬಂದ ದಿನ ಉಸ್ತಾದ್ ಕೈ ತೊಳೆದು ಒರೆಸಿಕೊಂಡು ಅದನ್ನು ನನಗೆ ಕೊಟ್ಟರು. “ಹೆಸರು ಸರಿ ಅದನ ನೋಡ್ಕೊ ಬೇಟಿ,” ಅಂದರು, ಅಷ್ಟೇ. ಅದೇ ದಿನ ರಜೆ ಹಾಕಿ ಮಟಕಿಗೆ ಹೋದೆ. ಅವ್ವ ಕಟ್ಟೆಯ ಮೇಲಿದ್ದಳು. ಪತ್ರವನ್ನು ಆಕೆಯ ಕೈಗೆ ಕೊಟ್ಟೆ. ಆಕೆ ಸೆರಗಿನಿಂದ ಬೆರಳು ಒರೆಸಿಕೊಂಡು ಹಿಡಿದಳು, ಬಹಳ ಹೊತ್ತು ನೋಡಿದಳು.

“ಚೆಂದ ಅದನ ಅವ್ವ?” ಎಂದುಬಿಟ್ಟೆ.

“ಚೆಂದ ಅದ ಅಂದ್ರ ನೀ ಎಲ್ಲಿ ನಂಬ್ತಿ ಈಗ,” ಅಂದಳು. ಪತ್ರದ ಮೂಲೆಯಲ್ಲಿ ಅಚ್ಚಾಗಿದ್ದ ನಂಬರಿನ ಮೇಲೆ ಬೆರಳಿಟ್ಟು, ಫೋನ್ ಒತ್ತುವಾಗಿನ ಹಾಗೆಯೇ, ಒಂದೊಂದಾಗಿ ಓದಿದಳು.

“ನಾಕು. ಎಂಟು. ಸೊನ್ನಿ. ಎರಡು. ಖರೇ ಅದನ?”

“ಖರೇ ಅದ ಅವ್ವ.”

“ಹಂಗಾದ್ರ ನನಗ ಕೇಳಸ್ತು.”